ಆರ್ವಿಡ್‌ನ ಕೊನೆಯ ಸಂಖ್ಯೆ

ಕೋಟಿನ ಒಂದೇ ತೋಳು ಹಾಕಿಕೊಂಡು ಮಾರ್ನಾ ನೆಲಮಾಳಿಗೆಗೆ ಇಳಿದಳು. ಗಂಡ ಆರ್ವಿಡ್ ಹೋಗಿ ನಾಲ್ಕು ದಿನವಾಗಿತ್ತು. ಅವನ ಕಂಪ್ಯೂಟರ್‌ಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ, ಗುಂಯ್‌ಗುಡುತ್ತಲೇ ಇತ್ತು.

"ಅಕ್ಕಾ, ಚರ್ಚಿಗೆ ಹೊತ್ತಾಯ್ತು! ಆ ಡಬ್ಬ ಆರಿಸಿ ಬಾ," ಎಂದು ತಂಗಿ ಆರ್ಡಿಸ್ ಮೆಟ್ಟಿಲ ಮೇಲಿಂದ ಕೂಗಿದಳು.

"ತಡಿಯೇ. ಲೆಕ್ಕ ಮುಗಿದಾಗ ಏನಾಯ್ತು ಅಂತ ಹೇಳು ಅಂದಿದ್ದ. ಪೆಟ್ಟಿಗೆ ಮುಚ್ಚೋಕೆ ಮುಂಚೆ ಕಿವೀಲಿ ಹೇಳ್ಬೇಕು."

ಪರದೆಯ ಮುಂದೆ ಕೂತಿದ್ದವನು ಡೆಲ್ಬರ್ಟ್. ಆರ್ವಿಡ್‌ನ ಹಾಗೆಯೇ ಯಾವುದರಿಂದಲೂ ಒಡೆಯದ ದೊಡ್ಡ ಸಂಖ್ಯೆಗಳ ಬೆನ್ನು ಹತ್ತಿದವನು. ವರ್ಷಗಟ್ಟಲೆ ಇಬ್ಬರೂ ಒಬ್ಬರಿಗೊಬ್ಬರು ಬರೆದುಕೊಂಡಿದ್ದರು, ಮುಖ ನೋಡಿರಲಿಲ್ಲ. ನಿನ್ನೆ ಫಾರ್ಗೊದಿಂದ ಹಿಮದಲ್ಲಿ ಕಾರು ಓಡಿಸಿಕೊಂಡು ಡುಲುತ್‌ಗೆ ಬಂದು, ಗೆಳೆಯನನ್ನು ಮೊದಲ ಸಲ ಶವಪೆಟ್ಟಿಗೆಯಲ್ಲಿ ಕಂಡಿದ್ದ.

"ಮುಗೀತು," ಎಂದು ಕನ್ನಡಕ ತೆಗೆದ. "ಅವಿಭಾಜ್ಯ ಅಲ್ಲ."

"ಹಾಗಾದ್ರೆ ಯಾವುದ್ರಿಂದ ಭಾಗ ಆಗುತ್ತೆ?"

"ಅದು ಗೊತ್ತಿಲ್ಲ."

"ಗೊತ್ತಿಲ್ಲದೆ ಅಲ್ಲ ಅಂತ ಹೆಂಗೆ ಹೇಳ್ತೀರಿ?"

"ಒಡೆಯುತ್ತೆ ಅಂತ ಲೆಕ್ಕ ಹೇಳುತ್ತೆ. ಎಲ್ಲಿ ಒಡೆಯುತ್ತೆ ಅಂತ ಹೇಳಲ್ಲ. ಯಾರಿಗೂ ಯಾವತ್ತೂ ಗೊತ್ತಾಗದೇನೂ ಇರಬಹುದು."

"ಸರಿ, ಇದೇ ಕೊನೇ ಮಾತು ತಾನೆ?"

"ಅದೂ ಅಲ್ಲ. ಬೇರೆ ಯಾರಾದ್ರೂ ಮೊದಲಿಂದ ಮಾಡಿ, ಎರಡೂ ತಾಳೆ ಆದ್ಮೇಲೇನೇ ನಾವು ನಂಬೋದು. ತನ್ನ ಲೆಕ್ಕ ತಾನೇ ನೋಡ್ಕೊಳ್ಳೋ ಹಾಗಿಲ್ಲ. ವರ್ಷಗಳೇ ಹಿಡೀಬಹುದು."

ಮಾರ್ನಾಗೆ ತಲೆ ಕೆಟ್ಟುಹೋಯಿತು. ಹೌದು ಎನ್ನುವ ಹಾಗಿಲ್ಲ, ಅಲ್ಲ ಎನ್ನುವ ಹಾಗೂ ಇಲ್ಲ. ಸತ್ತವನಿಗೆ ಏನಂತ ಹೇಳುವುದು?

"ಸಿಕ್ತು ಅಂದ್ಬಿಡೇ," ಎಂದಳು ಆರ್ಡಿಸ್. "ಭಾವ ಎದ್ದು ಬಂದು ಜಗಳ ಆಡ್ತಾರಾ?"

*

ಹೋದ ಚಳಿಗಾಲ ಅವಳು ಕಾಫಿ ತಂದಿಟ್ಟು ಕೇಳಿದ್ದಳು: "ಇಷ್ಟು ವರ್ಷಕ್ಕೆ ಒಂದಾದ್ರೂ ಸಿಕ್ತಾ?"

"ಇಲ್ಲ. ಎಲ್ಲಾ ಒಡೆಯೋವೇ."

"ಮತ್ತೆ ಯಾಕಿದು ದಂಡಕ್ಕೆ?"

"ಇದು ಅಲ್ಲ ಅಂತ ಹೇಳೋಕೂ ಒಬ್ಬ ಬೇಕಲ್ಲ, ಮಾರ್ನಾ." ಆರ್ವಿಡ್ ತನ್ನ ಕ್ಷೌರದ ಅಂಗಡಿ ಮುಚ್ಚಿದ ಮೇಲೆ ಇಷ್ಟು ಖುಷಿಯಾಗಿ ಮಾತಾಡಿದ್ದೇ ಕಡಿಮೆ. "ಎಪ್ಪತ್ತು ಲಕ್ಷ ಅಂಕಿ ಇದೆ ಇದ್ರಲ್ಲಿ. ಕೂತ್ಕೋ, ತೋರಿಸ್ತೀನಿ."

ಒಲೆ ಮೇಲೆ ಸಾರಿದೆ ಎಂದು ಅವಳು ಮೇಲೆ ಹೋಗಿದ್ದಳು.

*

ಚರ್ಚಿನಲ್ಲಿ ಪಾದ್ರಿ ಸನ್ನೆ ಮಾಡಿದರು. ಮುಚ್ಚಳಕ್ಕೆ ಇಬ್ಬರು ಕೈ ಹಾಕಿದರು. ಮಾರ್ನಾ ಬಗ್ಗಿದಳು.

"ಅಲ್ಲವಂತೆ, ಆರ್ವಿಡ್. ಯಾವುದ್ರಿಂದ ಅಂತ ಗೊತ್ತಿಲ್ಲವಂತೆ. ಬೇರೆಯವರು ನೋಡೋವರೆಗೂ ಅದೂ ಗ್ಯಾರಂಟಿ ಇಲ್ಲವಂತೆ. ನಂಗೇನೂ ಅರ್ಥ ಆಗ್ಲಿಲ್ಲ ಕಣೋ."

ಎದ್ದು ನಿಂತವಳು ಹಿಂದೆ ತಿರುಗಿ, ಜನರೆಲ್ಲ ನೋಡುತ್ತಿದ್ದಂತೆ ಕೇಳಿದಳು: "ಡೆಲ್ಬರ್ಟ್, ಆ ಬೇರೆಯವರು ನಾನಾಗಬಹುದಾ?"

ಡೆಲ್ಬರ್ಟ್ ಗಲಿಬಿಲಿಗೊಂಡ. "ಹೆಂಡ್ತಿ ಬೇರೆಯವರ ಲೆಕ್ಕಕ್ಕೆ ಬರ್ತಾರೋ ಇಲ್ವೋ... ಇದುವರೆಗೆ ಯಾರೂ ಕೇಳಿಲ್ಲ."

"ಆಗಲ್ಲ ಅಂತ ನಿಯಮ ಇದೆಯಾ?"

"ಇಲ್ಲ."

ಅವಳು ಮತ್ತೆ ಬಗ್ಗಿದಳು. ಈ ಸಲ ಹೇಳುವುದು ತುಂಬಾ ಇತ್ತೇನೋ. ಆ ಇಬ್ಬರೂ ಮುಚ್ಚಳವನ್ನು ಅರ್ಧಕ್ಕೇ ಹಿಡಿದು, ತೋಳು ನಡುಗುತ್ತಿದ್ದರೂ ನಿಂತೇ ಇದ್ದರು.