ಇಸ್ತ್ರಿ ಮಾಡಿದ ಸಾಕ್ಷಿ

ಅತ್ತೆ ಆ ಪೊಟ್ಟಣವನ್ನು ವಕೀಲಮ್ಮನ ಮೇಜಿನ ಮೇಲೆ ಇಟ್ಟ ಗತ್ತು ನೋಡಿದ್ದರೆ, ಒಳಗೆ ಬಂಗಾರವಿದೆ ಎಂದುಕೊಳ್ಳಬೇಕಿತ್ತು. ಕಂದು ಕಾಗದ, ಪ್ರತಿ ಮಡಿಕೆಗೂ ಬೆರಳೊತ್ತಿ ತೀಡಿದ ಗೆರೆ, ಮೇಲೆ ಬಿಳಿ ದಾರ. ನಮ್ಮ ಲಾಂಡ್ರಿಯಲ್ಲಿ ಹೀಗೆ ಕಟ್ಟಿಕೊಡುವುದು ಮಾತುಮಾತಿಗೂ ತಕರಾರು ತೆಗೆಯುವ ಗಿರಾಕಿಗಳಿಗೆ ಮಾತ್ರ. ಮಿಕ್ಕವರಿಗೆ ಹಳೆಯ ಪೇಪರು.

“ನೀವು ಫೋನಲ್ಲಿ ಕೇಳಿದ್ರಲ್ಲ, ಅವತ್ತು ನನ್ನ ಮಗ ಹಾಕ್ಕೊಂಡಿದ್ದ ಬಟ್ಟೆ. ತಗೊಳ್ಳಿ,” ಎಂದರು ಅತ್ತೆ.

ವಕೀಲಮ್ಮನಿಗೆ ನೆಗಡಿ. ಮೂಗೊರೆಸಿಕೊಂಡು ದಾರ ಬಿಚ್ಚಿದರು. ಒಳಗೆ ತಿಳಿನೀಲಿ ಶರ್ಟು, ಬೂದು ಬಣ್ಣದ ಪ್ಯಾಂಟು. ಗಂಜಿ ಹಾಕಿ, ಕಾಲರಿಗೆ ರಟ್ಟು ಕೊಟ್ಟು ಮಡಿಸಿಟ್ಟಿದ್ದರು. ಅವರು ಶರ್ಟನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಿರುಗಿಸಿದರು. ಮತ್ತೆ ತಿರುಗಿಸಿದರು.

“ಇದನ್ನ... ಒಗೆದಿದ್ದೀರಾ?”

“ಒಗೆದಿದ್ದೀರಾ ಅಂತ ಕೇಳ್ತೀರಲ್ಲ! ರಕ್ತಕ್ಕೆ ಮೊದಲು ತಣ್ಣೀರು, ಆಮೇಲೆ ಉಪ್ಪು. ಗ್ರೀಸಿಗೆ ಸೀಮೆಎಣ್ಣೆ. ಬೆನ್ನ ಮೇಲೆ ಇಷ್ಟಗಲ ಕೆಂಪು ಪೇಂಟು ಮೆತ್ತಿತ್ತು, ಅದಕ್ಕೆ ಟರ್ಪೆಂಟೈನು. ಭೂತಗನ್ನಡಿ ಇಟ್ಕೊಂಡು ಹುಡುಕಿ, ಒಂದೇ ಒಂದು ಚುಕ್ಕೆ ಸಿಕ್ಕಿದ್ರೆ ಈ ಕಸುಬೇ ಬಿಟ್ಬಿಡ್ತೀನಿ.”

ವಕೀಲಮ್ಮ ಶರ್ಟನ್ನು ಮೆಲ್ಲಗೆ ಕೆಳಗಿಟ್ಟು ಕನ್ನಡಕ ತೆಗೆದರು. ನಮ್ಮವರಿಗೆ ಗುದ್ದಿದ ಲಾರಿಯ ಮೂತಿ ಕೆಂಪು.

ನಡೆದದ್ದು ಇಷ್ಟು. ನಮ್ಮವರು ಇಸ್ತ್ರಿಯಾದ ಬಟ್ಟೆಯ ಗಂಟನ್ನು ಸೈಕಲ್ಲಿಗೆ ಕಟ್ಟಿಕೊಂಡು ಮನೆಮನೆಗೆ ಕೊಡಲು ಹೊರಟಿದ್ದರು. ಮಾರ್ಕೆಟ್ಟಿನ ತಿರುವಿನಲ್ಲಿ ಸಿಮೆಂಟು ಸಾಗಿಸುವ ಲಾರಿ ಹಿಂದಿನಿಂದ ಬಂದು ಗುದ್ದಿತು. ಅವರಿಗೆ ನೆನಪಿರುವುದು ಒಂದು ಹಾರನ್ ಸದ್ದು, ಆಮೇಲೆ ಆಸ್ಪತ್ರೆಯ ಸೂರು. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದುಬಿಟ್ಟರು. ಎಚ್ಚರವಾದಾಗ ಅವರು ಕೇಳಿದ ಮೊದಲ ಮಾತು, “ಗಂಟು ಎಲ್ಲೇ?” ನನಗೆ ನಗು ಬಂತೋ ಅಳು ಬಂತೋ ಇವತ್ತಿಗೂ ಗೊತ್ತಿಲ್ಲ.

ಎರಡು ದಿನ ಬಿಟ್ಟು ಲಾರಿ ಕಂಪನಿಯ ಇಬ್ಬರು ಹಣ್ಣಿನ ಬುಟ್ಟಿ ಹಿಡಿದು ಬಂದರು. ಒಬ್ಬ ಮಾತಾಡಿದ, ಇನ್ನೊಬ್ಬ ತಲೆಯಾಡಿಸಿದ. “ನಮ್ಮ ಗಾಡಿ ಇವರನ್ನ ಮುಟ್ಟೇ ಇಲ್ಲಮ್ಮ. ಇವರೇ ಆಯತಪ್ಪಿ ಬಿದ್ದಿದ್ದಾರೆ, ಹಿಂದಿನಿಂದ ಬೇರೆ ಯಾವುದೋ ಗಾಡಿ ಹತ್ತಿರಬೇಕು. ಆದ್ರೂ ಮನುಷ್ಯತ್ವ ಅಂತ ಒಂದಿದೆಯಲ್ಲ, ಇಲ್ಲೊಂದು ಸಹಿ ಹಾಕಿ, ಏನೋ ಒಂದಿಷ್ಟು ಕೊಡ್ತೀವಿ.” ಕಾಲು ಕಳೆದುಕೊಂಡವನಿಗೆ ಕಿತ್ತಳೆ ಹಣ್ಣು! ಬುಟ್ಟಿಯ ಸಮೇತ ಅವರನ್ನು ಮೆಟ್ಟಿಲವರೆಗೂ ಅಟ್ಟಿದೆ. ಮೂರನೇ ಮಹಡಿಯಿಂದ ಒಂದು ಕಿತ್ತಳೆ ಉರುಳಿ ಕೆಳಗಿನವರೆಗೂ ಹೋಯಿತು. ಪಕ್ಕದ ಮಂಚದ ಅಜ್ಜಿ ಅದನ್ನೆಲ್ಲ ನೋಡಿ, “ಬಾಯಿ ಜೋರಿದ್ರೆ ಸಾಲದು ಮಗಳೇ, ವಕೀಲರನ್ನ ಹಿಡಿ,” ಎಂದು ಈ ವಕೀಲಮ್ಮನ ವಿಳಾಸ ಕೊಟ್ಟರು.

ವಕೀಲಮ್ಮ ಎಲ್ಲ ಕೇಳಿಕೊಂಡು ಒಂದೇ ಮಾತು ಹೇಳಿದ್ದರು. “ಗುದ್ದಿದ್ದು ಇದೇ ಲಾರಿ ಅಂತ ತೋರಿಸಬೇಕು. ಅದೊಂದು ನಿಂತರೆ ಪರಿಹಾರ ಸಿಗುತ್ತೆ, ಕೃತಕ ಕಾಲು, ಚಿಕಿತ್ಸೆ, ಮುಂದಿನ ಜೀವನ, ಎಲ್ಲಾ ಕೇಳಬಹುದು. ಅದು ಬಿದ್ದರೆ ಎಲ್ಲಾ ಬಿತ್ತು.” ಮೂಲೆಯ ಟೀ ಅಂಗಡಿಯವನು ಮೊದಲು ಕಣ್ಣಾರೆ ಕಂಡೆ ಎಂದಿದ್ದ. ಈಗ ಬೆನ್ನು ತಿರುಗಿಸಿಕೊಂಡು ನಿಂತಿದ್ದೆ ಎನ್ನುತ್ತಾನೆ. ಸೈಕಲ್ಲನ್ನು ಪೊಲೀಸರು ಬರುವ ಮೊದಲೇ ಯಾರೋ ಪುಣ್ಯಾತ್ಮರು ಗುಜರಿಗೆ ಹೊತ್ತೊಯ್ದಿದ್ದರು. ಉಳಿದದ್ದು ಮೈಮೇಲಿನ ಬಟ್ಟೆ.

ಆ ಬಟ್ಟೆಯನ್ನು ಆಸ್ಪತ್ರೆಯವರು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟಾಗ, ನಾನೇ ಅತ್ತೆಯ ಕೈಗೆ ಕೊಟ್ಟು ಮನೆಗೆ ಕಳಿಸಿದ್ದೆ. ಅಲ್ಲಿಂದ ನಾನು ಮನೆ ಕಡೆ ತಲೆ ಹಾಕಿರಲಿಲ್ಲ. ರಸ್ತೆಯಲ್ಲಿ ಚೆಲ್ಲಿದ್ದ ಗಿರಾಕಿಗಳ ಬಟ್ಟೆಯನ್ನೂ ಯಾರೋ ಕೂಡಿಸಿ ಅಂಗಡಿಗೆ ತಂದು ಹಾಕಿದ್ದರು. ಅತ್ತೆ ಅದನ್ನೂ ಒಗೆದು, ಇಸ್ತ್ರಿ ಮಾಡಿ, ಅವರವರಿಗೆ ತಲುಪಿಸಿದ್ದರಂತೆ.

ವಕೀಲಮ್ಮ ಈಗ ಪ್ಯಾಂಟು ಬಿಡಿಸಿದರು. ಅದನ್ನು ನೋಡಿ ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಆಸ್ಪತ್ರೆಯಲ್ಲಿ ಬಲಗಾಲಿನ ಕಡೆ ಕೆಳಗಿನಿಂದ ತೊಡೆಯವರೆಗೂ ಕತ್ತರಿಯಿಂದ ಸೀಳಿದ್ದನ್ನು ನಾನೇ ಕಂಡಿದ್ದೆ. ಅತ್ತೆ ಆ ಸೀಳನ್ನು ಹೊಲಿದಿದ್ದರು. ಒಳಗಿನಿಂದ, ಸಣ್ಣ ಸಣ್ಣ ಹೊಲಿಗೆ, ಹೊರಗಿನಿಂದ ಕಂಡರೂ ಕಾಣದಂತೆ. ಕೆಳಗೆ ಅಂಚು ಮಡಚಿ, ಎಡಗಾಲಿಗೂ ಬಲಗಾಲಿಗೂ ಒಂದು ನೂಲಿನ ವ್ಯತ್ಯಾಸವಿಲ್ಲದಂತೆ ಸಮ ಮಾಡಿದ್ದರು.

ವಕೀಲಮ್ಮ ಆ ಹೊಲಿಗೆಯ ಮೇಲೆ ಬೆರಳಾಡಿಸಿದರು. ಹೊರಗೆ ಯಾರೋ ಟೈಪ್ ಮಾಡುತ್ತಿದ್ದರು.

“ಅಮ್ಮಾ,” ಎಂದರು ವಕೀಲಮ್ಮ ಕೊನೆಗೆ, “ಆ ಕೆಂಪು ಪೇಂಟು ಆ ಲಾರಿಯದ್ದು. ಆ ಗ್ರೀಸೂ ಅದರದ್ದೇ. ಅದೇ ನಮ್ಮ ಸಾಕ್ಷಿಯಾಗಿತ್ತು.”

ಅತ್ತೆ ಮೊದಲು ಅವರ ಮುಖ ನೋಡಿದರು, ಆಮೇಲೆ ನನ್ನ ಮುಖ, ಆಮೇಲೆ ಶರ್ಟು. ಅರ್ಥವಾದದ್ದು ಅವರ ಕೈಗಳಿಗೆ ಮೊದಲು. ಮೇಜಿನ ಮೇಲಿದ್ದ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ. “ನಿಮಗೆ ಯಾರು ಒಗೀರಿ ಅಂದಿದ್ರು? ಒಂದು ಮಾತು ಕೇಳ್ಬಾರದಿತ್ತಾ? ಮಗನ ಕಾಲೂ ಹೋಯ್ತು, ನ್ಯಾಯಾನೂ ತೊಳೆದು ಚರಂಡಿಗೆ ಬಿಟ್ರಿ!” ಎಂದು ಅಲ್ಲೇ ಕಿರುಚಿದೆ.

“ಚೀಲ ಕೈಗೆ ಕೊಟ್ಟೆ ನೀನು,” ಎಂದರು ಅತ್ತೆ, ಕೇಳಿಸಿತೋ ಇಲ್ಲವೋ ಎಂಬ ದನಿಯಲ್ಲಿ. “ಒಳಗೆ ಅವನ ರಕ್ತ. ಅವನು ಬದುಕ್ತಾನೋ ಇಲ್ವೋ ಯಾರೂ ಹೇಳ್ತಿಲ್ಲ. ನಾನೇನು ಮಾಡ್ಬೇಕಿತ್ತೇ? ನಂಗೆ ಬರೋದು ಅದೊಂದೇ ಅಲ್ವಾ.”

ಆ ಕ್ಷಣಕ್ಕೆ ಅವರ ಮೇಲೆ ಸಿಟ್ಟೂ ಇತ್ತು, ಅವರನ್ನು ತಬ್ಬಿಕೊಳ್ಳಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಎದ್ದೆ. ಬೇರೆ ದಾರಿ ಹುಡುಕೋಣ ಎಂದು ವಕೀಲಮ್ಮ ಹೇಳಿದರು. ಆದರೆ ಅದನ್ನು ಶರ್ಟಿನ ಕಡೆ ನೋಡುತ್ತ ಹೇಳಿದರು.

ಮೆಟ್ಟಿಲಿಳಿಯುವಾಗ ಅತ್ತೆ ನಡುವೆ ನಿಂತುಬಿಟ್ಟರು.

“ಏ... ಒಂದು ಹೋಗ್ಲಿಲ್ಲ ಕಣೇ.”

“ಏನು ಹೋಗ್ಲಿಲ್ಲ?”

“ಕಲೆ. ಗಂಟಲ್ಲಿದ್ದ ಲಾಡ್ಜಿನ ಬೆಡ್‌ಶೀಟು. ಅಡ್ಡಡ್ಡ ಕಪ್ಪು ಪಟ್ಟೆ ಬಿದ್ದಿತ್ತು. ಏನೇನು ಹಾಕಿ ಉಜ್ಜಿದ್ರೂ ಜಗ್ಗಲಿಲ್ಲ.” ಸುತ್ತ ಯಾರಾದರೂ ಇದ್ದಾರಾ ಎಂದು ನೋಡಿ, ದನಿ ತಗ್ಗಿಸಿದರು. “ಕಲೆ ಒಳಗಡೆ ಬರೋ ಹಾಗೆ ಮಡಚಿ ಕಳಿಸ್ಬಿಟ್ಟೆ.”

ಕಳವು ಮಾಡಿದವರು ಕೂಡ ಅಷ್ಟು ನಾಚಿಕೆಯಿಂದ ಒಪ್ಪಿಕೊಳ್ಳುವುದಿಲ್ಲ. ಜನ್ಮದಲ್ಲಿ ಒಬ್ಬ ಗಿರಾಕಿಗೂ ‘ಇದು ನನ್ನ ಕೈಲಾಗಲ್ಲ’ ಎಂದವರಲ್ಲ ನಮ್ಮತ್ತೆ. ನಾನು ಅವರ ರಟ್ಟೆ ಹಿಡಿದು ಎಳೆದುಕೊಂಡೇ ಲಾಡ್ಜಿಗೆ ಓಡಿದೆ.

ಲಾಡ್ಜಿನ ಮ್ಯಾನೇಜರು ನಮ್ಮನ್ನು ಕಂಡದ್ದೇ ತಡ, ಕೌಂಟರಿನಿಂದಲೇ ಶುರು ಮಾಡಿದ. “ಬನ್ನಿ ಬನ್ನಿ, ನೀವೇ ಬಂದ್ರಲ್ಲ! ಕಲೆ ಒಳಗಿಟ್ಟು ಮಡಚಿ ಯಾರ ಕಣ್ಣಿಗೆ ಮಣ್ಣೆರಚ್ತೀರಿ? ರೂಮಿನೋರು ನನ್ನ ಮರ್ಯಾದೆ ತೆಗೆದ್ರು.”

“ಬೈಯೋದು ಆಮೇಲೆ ಬೈಯಿ. ಶೀಟೆಲ್ಲಿ?” ಎಂದೆ.

“ಹಿತ್ತಲಲ್ಲಿ. ನಿಮ್ಮನ್ನ ನಂಬಿದ್ರೆ ಆಗಲ್ಲ ಅಂತ ರೂಮು ಗುಡಿಸೋಳ ಕೈಲಿ ಈಗಷ್ಟೇ ಬ್ಲೀಚಿಂಗ್ ನೀರಲ್ಲಿ ನೆನೆಹಾಕಿಸಿದ್ದೀನಿ.”

ನಾನು ಗರಬಡಿದವಳಂತೆ ನಿಂತೆ. ಅತ್ತೆ ನಿಲ್ಲಲಿಲ್ಲ. ಆ ಮಂಡಿನೋವಿನ ಹೆಂಗಸು ಓಡಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಹಿತ್ತಲಿನ ನಲ್ಲಿಯ ಬಳಿ ನೀಲಿ ಬಕೆಟ್ಟು, ಮೂಗಿಗೆ ರಪ್ಪೆಂದು ಹೊಡೆಯುವ ವಾಸನೆ. ಗುಡಿಸುವವಳು “ಅಯ್ಯೋ ಅಜ್ಜಿ, ಕೈ ಸುಟ್ಟೀತು!” ಎನ್ನುವಷ್ಟರಲ್ಲಿ ಮೊಣಕೈವರೆಗೂ ಕೈ ಮುಳುಗಿಸಿದ್ದರು. ಎಳೆದು, ಕೊಡವಿ, ನಲ್ಲಿಯ ಕೆಳಗೆ ಹಿಡಿದರು. ಅವರ ತುಟಿ ಅಲುಗುತ್ತಿತ್ತು. ಹತ್ತಿರ ಹೋದಾಗ ಕೇಳಿಸಿತು. “ಹೋಗ್ಬೇಡ... ಹೋಗ್ಬೇಡ ನನ್ನಪ್ಪ... ಹೋಗ್ಬೇಡ...”

ಶೀಟು ಬಿಚ್ಚಿಕೊಂಡಿತು. ಬಟ್ಟೆ ಹಾಲಿನಂತೆ ಬೆಳ್ಳಗಾಗಿತ್ತು. ಆ ಬಿಳುಪಿನ ನಡುವೆ ಕಪ್ಪು ಪಟ್ಟೆಗಳು ಹಾಗೇ ಇದ್ದವು. ಮೂಲೆಯಲ್ಲಿ ನಮ್ಮ ಲಾಂಡ್ರಿಯ ಗುರುತು ಕೂಡ, ಅತ್ತೆ ಅಳಿಸದ ಶಾಯಿಯಲ್ಲಿ ಹಾಕಿದ್ದು.

“ಹೋಗಿಲ್ಲ! ಹೋಗಿಲ್ಲ ಕಣೇ!” ಎಂದು ಅತ್ತೆ ಕೂಗಿಕೊಂಡರು. ಮ್ಯಾನೇಜರು ಬಾಗಿಲಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದ. ಒಗೆಯುವವಳು ಹೀಗೆ ಕುಣಿದದ್ದನ್ನು ಅವನೂ ಕಂಡಿರಲಿಕ್ಕಿಲ್ಲ. ವಿಷಯ ಹೇಳಿದ ಮೇಲೆ ಅವನ ಮುಖ ಸಪ್ಪಗಾಯಿತು. “ಗಂಟಲ್ಲಿ ನಮ್ಮ ಶೀಟಿತ್ತು ಅಂತ ನಾನು ಬಂದು ಹೇಳ್ತೀನಿ,” ಎಂದ.

ಒದ್ದೆ ಶೀಟು ಹೊತ್ತು ಮತ್ತೆ ಅದೇ ಮೆಟ್ಟಿಲು ಹತ್ತಿದೆವು. ವಕೀಲಮ್ಮ ಮೇಜಿನ ಮೇಲಿದ್ದುದನ್ನೆಲ್ಲ ಸರಿಸಿ ಅದನ್ನು ಹರಡಿದರು, ಸುಕ್ಕು ಬಿಡಿಸಿದರು, ಬಗ್ಗಿ ನೋಡಿದರು. ಅವರ ನೆಗಡಿ ಎಲ್ಲಿ ಹೋಯಿತೋ.

“ಟೈರಿನ ಅಚ್ಚು! ಇಲ್ಲಿ ನೋಡಿ, ಅಂಚಲ್ಲಿ ಒಂದು ಕಡೆ ಟೈರು ಕಿತ್ತುಹೋಗಿದೆ. ಆ ಗಾಲಿ ಇನ್ನೂ ಅದೇ ಲಾರಿಯಲ್ಲಿದ್ದರೆ ಹೊಂದಿಸಿ ನೋಡಬಹುದು. ಇವತ್ತೇ ಅರ್ಜಿ ಹಾಕ್ತೀನಿ, ಗಾಡಿ ತಡೆದು ನಿಲ್ಲಿಸಬೇಕು ಅಂತ.” ಆಗಲೇ ಫೋನೆತ್ತಿಕೊಂಡಿದ್ದರು. “ಅಮ್ಮಾ, ಕೋರ್ಟಲ್ಲಿ ಅವರ ಕಡೆಯ ವಕೀಲರು ನಿಮ್ಮನ್ನ ಕೆಣಕ್ತಾರೆ. ಎಲ್ಲಾ ಕಲೆ ತೆಗೆದೋರು ಇದೊಂದು ಯಾಕೆ ಬಿಟ್ರಿ, ಬೇಕಂತ ನೀವೇ ಮಾಡಿದ್ದಾ ಅಂತಾರೆ. ನಿಜ ಹೇಳ್ತೀರಾ?”

ಅತ್ತೆ ಶೀಟನ್ನು ನೋಡುತ್ತಿದ್ದರು. ಬಕೆಟ್ಟಿನಲ್ಲಿ, ಕಲ್ಲಿನ ಮೇಲೆ, ಇಸ್ತ್ರಿ ಮೇಜಿನ ಮೇಲೆ ಅದು ಪಟ್ಟೆ ಪಟ್ಟೆ ಕಲೆ. ಅದನ್ನು ಟೈರಿನ ಅಚ್ಚಾಗಿ ಅವರು ಈಗಲೇ ನೋಡುತ್ತಿರುವುದು ಎಂದು ನನಗೆ ಆಗ ಹೊಳೆಯಿತು. ಬ್ಲೀಚಿಗೆ ಕೆಂಪಾದ ಅಂಗೈಯನ್ನು ಅಚ್ಚಿನ ಮೇಲೆ ಇಟ್ಟರು. ಸಾಲಲಿಲ್ಲ. ಪಕ್ಕದಲ್ಲಿ ಇನ್ನೊಂದು ಕೈ ಇಟ್ಟರು. ಆಗ ಸರಿಹೋಯಿತು.

“ಇಷ್ಟು ಅಗಲಾನಾ?” ಎಂದರು. ದನಿ ಮಗುವಿನದಾಗಿತ್ತು. “ಇಷ್ಟು ಅಗಲದ್ದು ಹತ್ತಿತಾ ಅವನ ಮೇಲೆ? ನಾನು ಕಲೆ ಅಂದ್ಕೊಂಡು ಉಜ್ಜಿದೆನಲ್ಲೇ...”

ನಾನು ಅವರ ಭುಜ ಹಿಡಿದುಕೊಂಡೆ. ಅವರು ಅಳಲಿಲ್ಲ. ಎರಡೂ ಕೈಗಳನ್ನು ಎತ್ತಿ, ವಕೀಲಮ್ಮನ ಕಡೆ ತಿರುಗಿದರು.

“ಹೇಳ್ತೀನಮ್ಮ. ಎಷ್ಟು ಜನ ಇದ್ರೂ ಹೇಳ್ತೀನಿ. ನನ್ನ ಕೈಲಿ ಆಗ್ಲಿಲ್ಲ ಅಂತ ಹೇಳ್ತೀನಿ.”