ಟ್ರೀಟ್‌ಮೆಂಟ್ ವಿಭಾಗದ ಮಸರತ್

ಜಗಳೂರಿನ ಆ ಬೀಜದ ಕಂಪನಿಯಲ್ಲಿ ಮಸರತ್‌ಗೆ ವಿಷಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ‘ಇನ್’, ‘ದಿ’ ಎಂಬ ಎರಡು ಚೋಟುದ್ದದ ಇಂಗ್ಲಿಷ್ ಮಾತುಗಳು. ಮೆಕ್ಕೆಜೋಳದ ಬೀಜಕ್ಕೆ ಗುಲಾಬಿ ಬಣ್ಣದ ವಿಷದ ಪುಡಿ ಬೆರೆಸುವ ಟ್ರೀಟ್‌ಮೆಂಟ್ ವಿಭಾಗ ಅವಳದು. ಹತ್ತಿದ ಕೆಮ್ಮು ಬಿಡುತ್ತಿರಲಿಲ್ಲ. ತಪಾಸಣೆಗೆ ಬರಲಿರುವ ಮುಂಬೈ ಸಾಹೇಬರಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟವರನ್ನು ಪುಡಿಯಿಲ್ಲದ ಲ್ಯಾಬಿಗೆ ಹಾಕುತ್ತಾರೆಂಬ ಸುದ್ದಿ ಹಬ್ಬಿದ್ದೇ ತಡ, ಕಾಲೇಜಿಗೆ ಹೋಗುವ ತಂಗಿ ನುಜಹತ್‌ಳ ಬೆನ್ನು ಹತ್ತಿದಳು.

“ಆಪಾ, ‘ಆನ್’ ಅಲ್ಲ, ‘ಇನ್’. ಡಿಪಾರ್ಟ್‌ಮೆಂಟ್ ಅಂದ್ರೆ ಮುಂದೆ ‘ದಿ’ ಹಾಕು. ಬರೀ ಎಚ್ಆರ್ ಅಂದ್ರೆ ‘ದಿ’ ಬ್ಯಾಡ.”

“ಯಾಕೆ?”

“ನಂಗೇನು ಗೊತ್ತು, ಹಂಗೇ ಐತೆ.”

ರೊಟ್ಟಿ ತಟ್ಟುವಾಗಲೂ ಅದೇ ಜಪ: ಐ ವರ್ಕ್ ಇನ್ ದಿ ಟ್ರೀಟ್‌ಮೆಂಟ್ ಡಿಪಾರ್ಟ್‌ಮೆಂಟ್.

ಸಾಹೇಬರು ಬರುವ ದಿನ ಸೂಪರ್‌ವೈಸರ್ ಓಬಣ್ಣ ಹೆಂಗಸರನ್ನು ಅರ್ಧ ಪಾಳಿಯಲ್ಲೇ ಹೊರಗೆ ಕರೆದು ಸಾಲಾಗಿ ನಿಲ್ಲಿಸಿದ. “ಇವತ್ತು ನೀವೆಲ್ಲ ಪ್ಯಾಕಿಂಗ್‌ನೋರು. ಟ್ರೀಟ್‌ಮೆಂಟ್ ಅಂತ ಬಾಯಿ ಬಿಟ್ರೆ ಮಾಸ್ಕ್ ಎಲ್ಲಿ ಅಂತ ಕೇಳ್ತಾನೆ ಆ ಪುಣ್ಯಾತ್ಮ. ಹಂಗೇನಾದ್ರೂ ಆದ್ರೆ ನಾಳೆಯಿಂದ ಕೆಲ್ಸಕ್ಕೆ ಬರಬ್ಯಾಡ್ರಿ.”

ಮಸರತ್‌ಗೆ ಕಷ್ಟಪಟ್ಟು ಕಟ್ಟಿದ ವಾಕ್ಯದಿಂದ ಒಂದು ಮಾತು ಕಿತ್ತರೆ ಉಳಿದದ್ದೂ ಕುಸಿದೀತೆಂಬ ದಿಗಿಲು.

ಸಾಹೇಬರು ಎದುರಿಗೆ ನಿಂತು, ಎಲ್ಲಿ ಕೆಲಸ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವಳು ‘ಇನ್’ ಹಿಡಿದಳು, ‘ದಿ’ ಹಿಡಿದಳು. ಅವೆರಡನ್ನು ಕಾಯುವ ಗಡಿಬಿಡಿಯಲ್ಲಿ ಟ್ರೀಟ್‌ಮೆಂಟ್ ಎಂದೇ ಹೊರಬಿತ್ತು. ಓಬಣ್ಣನ ಮುಖ ಕಪ್ಪಿಟ್ಟಿತು. ಕೆಲಸ ಹೋಯಿತು ಎಂದುಕೊಂಡಳು ಮಸರತ್.

“ವೆರಿ ಗುಡ್ ಇಂಗ್ಲಿಷ್!” ಎಂದು ಸಾಹೇಬರು ನಕ್ಕು ಮುಂದೆ ನಡೆದರು.

ಅಷ್ಟೇ. ಏನು ಹೇಳಿದಳೆಂಬುದು ಆ ಮನುಷ್ಯನ ಕಿವಿಗೆ ಬಿದ್ದೇ ಇರಲಿಲ್ಲ. ಈಗ ಅವಳನ್ನು ಹಿಡಿದ ಭಯದ ಮುಂದೆ ಹಿಂದಿನದೆಲ್ಲ ಮಕ್ಕಳಾಟ. ಇವರೂ ಹೀಗೆ ಹೋಗಿಬಿಟ್ಟರೆ ತಾನು ಈ ಪುಡಿಯಲ್ಲೇ ಸಾಯುತ್ತೇನೆ ಅನ್ನಿಸಿತು.

“ಸಾರ್, ಉಸಿರಾಡಾಕೆ ಆಗ್ತಿಲ್ರೀ! ಮೂಗಿಗೆ ಏನೂ ಕೊಡಲ್ರೀ ಇಲ್ಲಿ!”

ಕನ್ನಡ ಬಾರದ ಸಾಹೇಬರು ಓಬಣ್ಣನ ಮುಖ ನೋಡಿದರು. ನಿಮಗೆ ಥ್ಯಾಂಕ್ಯೂ ಹೇಳುತ್ತಿದ್ದಾಳೆ ಎಂದು ಅವನು ಇಂಗ್ಲಿಷಿನಲ್ಲಿ ಒದರಿದ.

ಥ್ಯಾಂಕ್ಯೂ ಎಂಬುದು ಅವಳಿಗೂ ಅರ್ಥವಾಯಿತು. ಪರಗಂಡಸನ್ನು ಎಂದೂ ಮುಟ್ಟದ ಹೆಂಗಸು ಸಾಹೇಬರ ತೋಳು ಹಿಡಿದೆಳೆದುಕೊಂಡು ಹೋಗಿ, ಟ್ರೀಟ್‌ಮೆಂಟ್ ಕೋಣೆಯ ಬಾಗಿಲು ತಳ್ಳಿದಳು. ಒಳಗೆ ಪುಡಿ ಇನ್ನೂ ಗಾಳಿಯಲ್ಲೇ ಇತ್ತು. ಅವಳು ಹಿಡಿದ ತೋಳು ಬಿಡಲಿಲ್ಲ.

ಸಾಹೇಬರು ಕೆಮ್ಮತೊಡಗಿದರು.