ರಕಿಯಾಳ ಹಿತ್ತಿಲು ಹೊಕ್ಕ ಪುದೀನ

ಸೆಫ್ರೂ ಊರಿನ ನಮ್ಮ ಓಣಿಯಲ್ಲಿ ತಾಮು, ರಕಿಯಾ ಅಂತ ಅಕ್ಕತಂಗಿಯರಿದ್ದರು. ಅಕ್ಕ ತಾಮುವಿನ ಮನೆಗೆ ಅಂಗೈಯಗಲ ಮಣ್ಣಿಲ್ಲ, ಬರೀ ತಾರಸಿ. ಆಲಿವ್ ಎಣ್ಣೆಯ ಖಾಲಿ ಡಬ್ಬಗಳಲ್ಲಿ ಅವಳು ಪುದೀನ ಬೆಳೆಸುತ್ತಿದ್ದಳು. ರಕಿಯಾಳಿಗೆ ಗಂಡನ ಕಡೆಯಿಂದ ಒಳ್ಳೆಯ ಹಿತ್ತಿಲು ಬಂದಿತ್ತು. ಅದರ ಜೊತೆಗೆ ಜಂಬವೂ ಬಂದಿತ್ತು.

ವಸಂತದ ಒಂದು ಸಂಜೆ ಅಕ್ಕನ ಮನೆಯಲ್ಲಿ ಪುದೀನ ಹಾಕಿದ ಚಹಾ ಕುಡಿಯುತ್ತಾ ರಕಿಯಾ ಮೂಗು ಮುರಿದಳು.

"ಡಬ್ಬದಲ್ಲಿ ತುಂಬಿಡೋಕೆ ಅದೇನು ಮತ್ತಿ ಮೀನಾ ಅಕ್ಕಾ? ಪಾಪ, ಕಾಲು ಚಾಚೋಕೂ ಜಾಗ ಇಲ್ಲ. ಒಂದು ಬೇರು ಕೊಡು, ನೆಲದಲ್ಲಿ ಬೆಳೆದ ಪುದೀನ ಹೇಗಿರುತ್ತೆ ಅಂತ ತೋರಿಸ್ತೀನಿ."

ಪುದೀನವನ್ನು ಯಾಕೆ ಡಬ್ಬದಲ್ಲಿ ಕಟ್ಟಿಹಾಕಬೇಕು ಅನ್ನೋದು ತಾಮುವಿಗೆ ಚೆನ್ನಾಗಿ ಗೊತ್ತಿತ್ತು. ಹೇಳಬಹುದಿತ್ತು. ಹೇಳಲಿಲ್ಲ.

"ಒಂದೇ ಯಾಕೆ? ಕೈತುಂಬ ತಗೊಂಡು ಹೋಗು," ಅಂತ ಬೇರುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. "ಕೊತ್ತಂಬರಿ ಪಕ್ಕದಲ್ಲೇ ನೆಡು. ಅಲ್ಲಿ ಚೆನ್ನಾಗಿ ಬರುತ್ತೆ."

ಬಂತು. ಮೊದಲು ಕೊತ್ತಂಬರಿಯನ್ನು ನುಂಗಿತು. ಮಣ್ಣಿನ ಒಳಗೊಳಗೇ ಹರಿದು ಕೋಳಿಗೂಡಿನೊಳಗೆ ಎದ್ದಿತು. ಕಿತ್ತಷ್ಟೂ ಬಂತು. ಕೊನೆಗೆ ಗೋಡೆಯ ಬುಡದಲ್ಲಿ ನುಸುಳಿ ಹಿಂದಿನ ಓಣಿಗೂ ತಲೆ ಹಾಕಿತು.

ರಕಿಯಾಳ ಗಂಡ ಮಫದ್ದಲನಿಗೆ ಕೊತ್ತಂಬರಿ ಹಾಕಿದ ಹರೀರಾ ಸಾರು ಅಂದರೆ ಪ್ರಾಣ. ಬಟ್ಟಲು ಮೂಸಿ ಕೇಳಿದ, "ಏನೇ ಇದು? ಸಾರೋ, ಚಹಾನೋ?"

"ಸುಮ್ನೆ ಕುಡೀರಿ. ಹೊಟ್ಟೆಗೆ ಒಳ್ಳೇದು," ಅಂದಳು ರಕಿಯಾ. ಪುದೀನ ಹೇಗಿದೆ ಅಂತ ಅಕ್ಕ ಕೇಳಿದಾಗಲಂತೂ, "ಆಹಾ, ಏನು ಸೊಗಸಾಗಿದೆ ಗೊತ್ತಾ!" ಅನ್ನುತ್ತಿದ್ದಳು. ತಾಮು ತಲೆವಸ್ತ್ರದ ಅಂಚಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದಳು.

ಆ ಬೇಸಿಗೆಯಲ್ಲಿ ತಾಮುವಿನ ಮಗಳು ಬತೂಲಳ ನಿಶ್ಚಿತಾರ್ಥ ಗೊತ್ತಾಯಿತು. ಹುಡುಗನ ತಾಯಿ ಲಲ್ಲಾ ಝೋರ್ ಎದುರು ತಾಮು, "ನಮ್ಮ ತಾರಸಿ ಪುದೀನದ ಚಹಾ ಕುಡಿದು ನೋಡಿ, ಆಮೇಲೆ ಹೇಳಿ," ಅಂತ ಕೊಚ್ಚಿಕೊಂಡಿದ್ದಳು. ಆಗಸ್ಟ್ ಬಿಸಿಲಿಗೆ ತಗಡಿನ ಡಬ್ಬಗಳು ಬಾಣಲೆಯ ಹಾಗೆ ಕಾದವು. ಪುದೀನವೆಲ್ಲ ಹುರಿದು ಹುಡಿಯಾಯಿತು. ಸಂತೆಯಿಂದ ಗುಟ್ಟಾಗಿ ತಂದರಾಯಿತು ಅಂದುಕೊಂಡಿದ್ದರೆ, ಹುಡುಗನ ಕಡೆಯವರು ಹೇಳಿದ ದಿನಕ್ಕಿಂತ ಒಂದು ದಿನ ಮೊದಲೇ ನಿಶ್ಚಿತಾರ್ಥಕ್ಕೆ ಉಡುಗೊರೆ ಕೊಡುವ ಸಕ್ಕರೆಯ ಗೋಪುರಗಳನ್ನು ಹೊತ್ತು ಬಾಗಿಲಿಗೆ ಬಂದುಬಿಟ್ಟರು.

ತಾಮು ಅವರನ್ನು ಕೂರಿಸಿ, ಬತೂಲಳಿಗೆ ನೀರು ಕಾಯಿಸಲು ಹೇಳಿ, ಹಿಂಬಾಗಿಲಿಂದ ಓಡಿದಳು. ಹಿಂದಿನ ಓಣಿಯಲ್ಲಿ, ತಂಗಿಯ ಹಿತ್ತಿಲ ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಪರಪರನೆ ಪುದೀನ ಕಿತ್ತಳು.

ಮೇಲಿಂದ ದನಿ ಬಂತು. "ಯಾರದೋ ಮೇಕೆ ಮೇಯ್ತಿದೆ ಅಂದ್ಕೊಂಡೆ. ನೀನಾ ಅಕ್ಕಾ?"

ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ರಕಿಯಾ ಬಗ್ಗಿ ನೋಡುತ್ತಿದ್ದಳು.

"ಬಾಯಿ ಮುಚ್ಚೇ! ಬೀಗರು ಬಂದಿದ್ದಾರೆ!"

"ಅಯ್ಯೋ, ಹಾಗಾದ್ರೆ ನಾನೂ ಬರ್ತೀನಿ."

ಬಂದವಳು ಲಲ್ಲಾ ಝೋರ್ ಪಕ್ಕದಲ್ಲೇ ಕೂತಳು. ಚಹಾ ಬಂತು. ಲಲ್ಲಾ ಝೋರ್ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು. "ಏನು ಘಮ! ಡಬ್ಬದಲ್ಲಿ ಹೀಗೂ ಬೆಳೆಯುತ್ತಾ?"

"ಹೌದಲ್ವಾ?" ರಕಿಯಾ ಮುಗ್ಧಳ ಹಾಗೆ ಕೇಳಿದಳು. "ಇದು ಯಾವ ಡಬ್ಬದ್ದು ಅಕ್ಕಾ?"

ತಾಮುವಿನ ಕಿವಿ ಕೆಂಪಾಯಿತು. "ದೊಡ್ಡದರದ್ದು."

"ನಾನು ನೋಡೇ ಇಲ್ವಲ್ಲ. ಎಷ್ಟು ದೊಡ್ಡದು?"

"ತುಂಬಾ ದೊಡ್ಡದು. ಒಳಗೆ ಕೋಳಿಗೂಡೂ ಇದೆ."

ಬಾಗಿಲ ಮರೆಯಲ್ಲಿದ್ದ ಬತೂಲ್ ಕಿಸಕ್ಕನೆ ನಕ್ಕಳು. ಲಲ್ಲಾ ಝೋರಳಿಗೆ ಏನೂ ಅರ್ಥವಾಗಲಿಲ್ಲ. ಆದರೆ ಮೂರು ಲೋಟ ಚಹಾ ಕುಡಿದು, ಮದುವೆಯ ದಿನವನ್ನೂ ಅಲ್ಲೇ ಗೊತ್ತುಮಾಡಿ ಎದ್ದಳು.

ಬೀಗರನ್ನು ಕಳಿಸಿ ಬಾಗಿಲು ಹಾಕಿದ್ದೇ ತಡ, ರಕಿಯಾ ಸೊಂಟಕ್ಕೆ ಕೈಯಿಟ್ಟಳು. "ಇದು ಹೀಗೆ ಹಬ್ಬುತ್ತೆ ಅಂತ ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಹಾಗಾದ್ರೆ ನಾಳೆ ಬೆಳಿಗ್ಗೆ ಗುದ್ದಲಿ ತಗೊಂಡು ಬಾ. ಇಲ್ಲಾಂದ್ರೆ ಲಲ್ಲಾ ಝೋರ್ ಮನೆ ನಂಗೇನು ದೂರ ಅಲ್ಲ."

ಮರುದಿನ ಹೊತ್ತು ಮೂಡುವ ಮೊದಲೇ ತಾಮು ಹಿತ್ತಿಲಿಗಿಳಿದಳು. ಒಂದು ಬೇರು ಎಳೆದರೆ ಅದರ ಹಿಂದೆ ಇಡೀ ಬಳಗವೇ ಬರುತ್ತಿತ್ತು. ರಕಿಯಾ ಮುಕ್ಕಾಲಿಯ ಮೇಲೆ ಕೂತು, "ಅಲ್ಲೊಂದಿದೆ ಅಕ್ಕಾ, ಇಲ್ಲೊಂದಿದೆ," ಅಂತ ಕಾಲಿನಲ್ಲೇ ತೋರಿಸುತ್ತಿದ್ದಳು. ಮಫದ್ದಲ್ ಕೊತ್ತಂಬರಿ ಬೀಜ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ತಾಮು ಸೊಂಟ ಹಿಡಿದುಕೊಂಡು ನೆಟ್ಟಗಾದಳು. "ಸಾಕು ಕಣೇ, ಪ್ರಾಣ ಹೋಗ್ತಿದೆ. ಒಂದು ಲೋಟ ಚಹಾನಾದ್ರೂ ಕೊಡು."

"ಕೊಡ್ತೀನಿ," ಅಂದಳು ರಕಿಯಾ. "ಪುದೀನ ಹಾಕ್ಲಾ?"